ಸೂರ್ಯಕಾಂತಿಗೆ ಬಿಟ್ಟ ಜಾಗ

ರೀ,

ಮಗಳ ಮನೆಯಲ್ಲಿ ಎಲ್ಲರೂ ಸುಖವಾಗಿದ್ದೇವೆ. ಇಲ್ಲಿ ಚಳಿ ಮುಗಿದು ಮರಗಳೆಲ್ಲ ಚಿಗುರಿವೆ. ಬೆಳಿಗ್ಗೆ ಮಗಳ ಜೊತೆ ಸಂತೆಗೆ ಹೋಗಿ ಐಸ್‌ಕ್ರೀಮ್ ತಿಂದೆ. ನನ್ನ ಶುಗರ್ ಮಾತು ಈಗ ಎತ್ತಬೇಡಿ. ಆಮೇಲೆ ಬೆರಳುದ್ದದ ಒಂದು ಸೂರ್ಯಕಾಂತಿ ಸಸಿ ಕೊಂಡೆ. ಇಲ್ಲಿನ ಭಾಷೆ ಬಾರದ್ದಕ್ಕೆ, ಎಷ್ಟೆತ್ತರ ಬೆಳೆಯುತ್ತದೆ ಎಂದು ಕೈಸನ್ನೆಯಲ್ಲೇ ಕೇಳಿದೆ. ಮಾರುವಾಕೆ ತುದಿಗಾಲಲ್ಲಿ ನಿಂತು ಕೈ ಎತ್ತಿದಳು. ಅದೂ ಸಾಲದೆಂದು ಸ್ಟೂಲು ಹತ್ತಿ ತೋರಿಸಿದಳು!

ಸಸಿಯನ್ನು ಹಿತ್ತಲಲ್ಲಿ ನೆಟ್ಟು ನಾನೇ ಫೋಟೋ ತೆಗೆದೆ. ಈ ಕಾರ್ಡಿನ ಹಿಂದೆ ಇರುವುದು ಅದೇ. ಅಳಿಯಂದಿರು ನೋಡಿ ಬಿದ್ದು ಬಿದ್ದು ನಕ್ಕರು. "ಅತ್ತೆ, ಗಿಡ ಎಲ್ಲಿ? ಬರೀ ಗೋಡೆನೇ ಬಂದಿದ್ಯಲ್ಲ!"

ಮಗಳು ನಗಲಿಲ್ಲ. "ಅದು ಅಪ್ಪನ ಫೋಟೋ ಸ್ಟುಡಿಯೋ ಪಾಠ ಕಣ್ರೀ" ಅಂದಳು.

"ತಲೆ ಮೇಲೆ ಜಾಗ ಬಿಡೇ" ಎಂದು ಮೂವತ್ತು ವರ್ಷ ನನ್ನನ್ನು ಗದರಿದವರು ನೀವೇ ತಾನೇ? ಬಿಟ್ಟಿದ್ದೇನೆ, ನೋಡಿ. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡಿ. ಆಪರೇಷನ್ ಮಾಡಿದ ಡಾಕ್ಟರು ಹೂಂ ಅಂದ ತಕ್ಷಣ ಹೊರಟು ಬನ್ನಿ. ಗಿಡದ ಪಕ್ಕದಲ್ಲೂ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದೇನೆ.

ನಿಮ್ಮವಳು