ಅಕ್ಕನ ಹೃದಯವನ್ನು ಸರಿಪಡಿಸಿ ಮರುಸಲ್ಲಿಸುವ ಕುರಿತು

ಶೀಘ್ರಲಿಪಿ ಪರೀಕ್ಷಾ ಮಂಡಳಿಯ ವೈದ್ಯಕೀಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಕ್ಕನ ಎದೆಯ ಎಕ್ಸ್-ರೇಯನ್ನು ತಾವು ‘ಚಿತ್ರ ಉಲ್ಟಾ ಇದೆ, ಸರಿಪಡಿಸಿ ಮರುಸಲ್ಲಿಸಿ’ ಎಂಬ ಷರಾ ಬರೆದು ಹಿಂದಿರುಗಿಸಿದ್ದೀರಿ. ಚಿತ್ರ ನೆಟ್ಟಗೇ ಇದೆ. ಉಲ್ಟಾ ಇರುವುದು ಅಕ್ಕ. ಅವಳ ಹೃದಯ ಹುಟ್ಟಿನಿಂದಲೂ ಬಲಗಡೆಗಿದೆ. ತಮ್ಮ ಆದೇಶಕ್ಕೆ ತಲೆಬಾಗಿ ಎಡಕ್ಕೆ ಸರಿಸೋಣವೆಂದರೆ, ಇಪ್ಪತ್ನಾಲ್ಕು ವರ್ಷದ ಹಳೆಯ ಬಾಡಿಗೆದಾರ, ಜಾಗ ಖಾಲಿ ಮಾಡುತ್ತಿಲ್ಲ.

ಅವಳು ಕೇಳಿದ್ದಾದರೂ ಏನು? ಪರೀಕ್ಷೆ ಬರೆಯಲು ಒಂದು ಪ್ರತ್ಯೇಕ ಕೋಣೆ. ಕಳೆದ ಸಲ ಉಕ್ತಲೇಖನದ ನಾಲ್ಕನೇ ನಿಮಿಷಕ್ಕೆ ಕೆಮ್ಮು ಬಂತು, ಉಳಿದವರಿಗೆ ಒಂದು ಸಾಲು ಕೇಳಿಸಲಿಲ್ಲ, ಅಕ್ಕನನ್ನು ಹೊರಗೆ ಕಳಿಸಿದರು. ಬರುವ ಗುರುವಾರದ್ದು ತಮ್ಮ ನಿಯಮದ ಪ್ರಕಾರ ಅವಳ ಕೊನೆಯ ಅವಕಾಶ.

ನೆಗಡಿಗೆಲ್ಲ ಕೋಣೆ ಕೊಡಲಾಗುವುದಿಲ್ಲ ಎಂದರು ತಮ್ಮ ಗುಮಾಸ್ತರು. ಇದು ನೆಗಡಿಯಲ್ಲ. ಜೀವಕೋಶಕ್ಕೂ ಒಂದು ಎಲುಬುಗೂಡಿದೆ, ಪ್ರೋಟೀನಿನ ಎಳೆ, ಕೊಳವೆಗಳಿಂದ ಕಟ್ಟಿದ್ದು. ಶ್ವಾಸನಾಳದ ಕೋಶಗಳ ಮೇಲಿನ ಸೂಕ್ಷ್ಮ ರೋಮಗಳೊಳಗೂ ಅವೇ ಕೊಳವೆಗಳು. ಒಂದನ್ನೊಂದು ಜಗ್ಗಲು ಅವುಗಳಿಗೆ ಪುಟಾಣಿ ತೋಳುಗಳಿವೆ. ತೋಳು ಜಗ್ಗಿದರೆ ರೋಮ ಬೀಸುತ್ತದೆ, ಕಫ ಮೇಲೆ ಬರುತ್ತದೆ. ಅಕ್ಕನಲ್ಲಿ ಆ ತೋಳುಗಳೇ ಇಲ್ಲ. ಗುಡಿಸುವವರೆಲ್ಲ ಹಾಜರು, ಯಾರಿಗೂ ಕೈಯಿಲ್ಲ. ಹಾಗಾಗಿ ಗುಡಿಸುವ ಕೆಲಸವೆಲ್ಲ ಕೆಮ್ಮಿನ ಪಾಲು. ಹೃದಯ ಯಾವ ಕಡೆ ಕೂರಬೇಕೆಂದು ಗರ್ಭದಲ್ಲಿ ತೀರ್ಮಾನವಾಗುವುದೂ ಇಂಥದೇ ರೋಮಗಳ ಬೀಸಿನಿಂದ. ಬೀಸಿಲ್ಲದಿದ್ದರೆ ನಾಣ್ಯ ಚಿಮ್ಮಿದಂತೆ, ಎಡಕ್ಕೂ ಬೀಳಬಹುದು, ಬಲಕ್ಕೂ. ಅಂದರೆ ತಾವು ತಪ್ಪೆಂದು ಹಿಂದಿರುಗಿಸಿದ್ದೇ ರೋಗದ ಪುರಾವೆ.

ಕೋಶದ ಇದೇ ಎಲುಬುಗೂಡು ಸ್ನಾಯುವಿನಲ್ಲಿ ಕೆಟ್ಟರೆ ಹತ್ತು ವರ್ಷದ ಮಗು ಮೆಟ್ಟಿಲು ಹತ್ತಲಾರದು. ಕೆಂಪು ರಕ್ತಕಣದಲ್ಲಿ ಕೆಟ್ಟರೆ ಕಣ ಗುಂಡಗಾಗಿ ಬೇಗ ಒಡೆಯುತ್ತದೆ. ಅವರಿಗೂ ಸರಿಪಡಿಸಿ ಮರುಸಲ್ಲಿಸಿ ಎನ್ನುವಿರಾ?

ಗುಮಾಸ್ತರಿಗೆ ನನ್ನ ಪರಿಚಯವಿದೆ. ತಮ್ಮ ಕಚೇರಿಯ ತಿರುಗದ ಫ್ಯಾನಿನ ಕೆಳಗೆ ‘ಸುದೀರ್ಘ ಸೇವೆಯ ಬಳಿಕ ನಿವೃತ್ತಿ’ ಎಂದು ಅಭಿನಂದನಾ ಪತ್ರ ಅಂಟಿಸಿದವನು ನಾನೇ. ಆದ್ದರಿಂದ ತಾವು ಹಿಂದಿರುಗಿಸಿದ ಎಕ್ಸ್-ರೇಯನ್ನು ನಾನು ಮತ್ತೆ ಒಯ್ದಾಗ ಅವರು ಅದನ್ನು ಹಿಡಿದು, “ಏನಪ್ಪಾ, ಈ ಸಲ ಹೃದಯಾನೇ ಉಲ್ಟಾ ಮಾಡ್ಕೊಂಡು ಬಂದಿದೀಯಾ?” ಎಂದರು. ಆಮೇಲೆ ಹೃದಯ ಎಡಕ್ಕೆ ಬರುವಂತೆ ಅದನ್ನು ಮಗುಚಿ ಕಡತಕ್ಕೆ ಪಿನ್ ಹೊಡೆದರು. ಮೂಲೆಯಲ್ಲಿದ್ದ ಅಕ್ಕನ ಹೆಸರು ಕನ್ನಡಿಯೊಳಗಿನ ಬರಹದಂತೆ ಹಿಂದುಮುಂದಾಯಿತು. ಅದು ತಮ್ಮ ಕಚೇರಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ನನ್ನ ಬೇಡಿಕೆ ಇಷ್ಟೆ. ಬುಧವಾರದೊಳಗೆ ತಮ್ಮ ವೈದ್ಯರು ಅಕ್ಕನ ಎದೆಯ ಬಲಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು, ಕೇಳಿಸಿದ್ದನ್ನು ಬರೆದು, ಕೋಣೆ ಮಂಜೂರು ಮಾಡಲಿ. ಮಾಡದಿದ್ದರೂ ಅವಳು ಬರುತ್ತಾಳೆ. ನಿನ್ನೆ ಪೆನ್ಸಿಲ್ ಚೂಪು ಮಾಡುತ್ತ ಹೇಳಿದಳು: “ಆಚೆ ಹಾಕಿದ್ರೆ ಹಾಕ್ಲಿ ಬಿಡೋ. ಬಾಗಿಲ ಹೊರಗೆ ನಿಂತು ಬರೀತೀನಿ. ಓದೋರ ಧ್ವನಿ ಅಲ್ಲಿಗೂ ಕೇಳುತ್ತೆ.”

ಇಂತಿ,
ತಮಾಷೆ ಮಾಡದ ದಿನವೇ ಯಾರೂ ನಂಬದ,
ಅರ್ಜಿದಾರಳ ತಮ್ಮ