ಬಿಳಿ ಕಾರಿನ ಡ್ರೈವರ್ ಸೀಟು

ರೀ, ನಾನು ಹೊಲಿಗೆ ಅಂಗಡಿಗೆ ಹೊರಟೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣಿ.

ನೀವು ಮೆಚ್ಚಿದ ಕೆಂಪು ಕಾರಿಗೆ ಮೈಲೇಜು, ದೊಡ್ಡ ಡಿಕ್ಕಿ ಎಲ್ಲ ಇದೆ, ಒಪ್ಪಿದೆ. ಆದರೆ ನಿನ್ನೆ ಒಬ್ಬಳೇ ಶೋರೂಮಿಗೆ ಹೋಗಿ, ಅಳತೆ ಟೇಪು ಹಿಡಿದು ಕೆಂಪು, ಬಿಳಿ ಎರಡೂ ಕಾರಿನ ಡ್ರೈವರ್ ಸೀಟು ಅಳೆದೆ. ನಗಬೇಡಿ. ಕೆಂಪಿನದ್ದು ಮೇಲೇಳುವುದಿಲ್ಲ, ಕೂತರೆ ನನಗೆ ಸ್ಟಿಯರಿಂಗ್ ಬಿಟ್ಟು ಬೇರೇನೂ ಕಾಣಲಿಲ್ಲ. ಬಿಳಿಯದರ ಸೀಟು ಎತ್ತಿಸಿದೆ, ಗಾಜಿನಾಚೆಯ ರಸ್ತೆಯೆಲ್ಲ ಕಣ್ಣಿಗೆ ಬಿತ್ತು.

“ಓಡಿಸೋದು ಸಾರ್ ಅಲ್ವಾ ಮೇಡಂ?” ಎಂದ ಮಾರುವವನು.

“ಲೈಸೆನ್ಸು ನಂಗೂ ಇದೆಯಪ್ಪಾ, ಬೀರುವಿನಲ್ಲಿ ಕೊಳೀತಾ ಬಿದ್ದಿದೆ” ಎಂದೆ.

ಸಂಜೆ ಬಿಳಿ ಕಾರನ್ನು ಓಡಿಸಿ ನೋಡಲು ಕೊಡುತ್ತಾರೆ. ಓಡಿಸುವವಳು ನಾನೇ. ನೀವು ಅತ್ತೆಯ ಜೊತೆ ಹಿಂದೆ ಹಾಯಾಗಿ ಕೂತಿರಿ. “ಬ್ರೇಕು, ಬ್ರೇಕು” ಅಂತ ಕೂಗಿದರೆ ನಿಮ್ಮನ್ನು ಅಲ್ಲೇ ಇಳಿಸಿ, ನಾವಿಬ್ಬರೇ ಮುಂದೆ ಹೋಗುತ್ತೇವೆ.