ನಲವತ್ತು ಮೀಟರ್ ಎತ್ತರದಿಂದ ಅಕ್ಕನಿಗೆ

ಭಾನುವಾರ, ಮಾರ್ಚ್ ಹದಿನಾಲ್ಕು
ಬೆಳಿಗ್ಗೆ ಹತ್ತು ಗಂಟೆ

ಅಕ್ಕಾ,

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಅವಸರಕ್ಕೆ ಹೇಳುವ ಹಾಗಲ್ಲ, ನಿಜವಾಗಿಯೂ. ಇದನ್ನು ಓದುವಾಗ ಹೊಲಿಗೆ ಯಂತ್ರ ಬಿಟ್ಟು ಎದ್ದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಕೋ. ಕೈಯಲ್ಲಿ ಸೂಜಿ ಬೇಡ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಸ್ವಲ್ಪ ನಡುಗಿದರೂ ಸಾಕು, ನಾನು ಮಾತು ತಿರುಗಿಸಿ ಸುಳ್ಳು ಹೇಳಿಬಿಡುತ್ತೇನೆ. ನಿನಗೆ ನಾನು ಹೇಳಿರುವ ಸುಳ್ಳುಗಳೆಲ್ಲ ಹುಟ್ಟಿದ್ದೇ ಹಾಗೆ. ಕಾಗದವಾದರೆ ನನ್ನ ಪಾಡಿಗೆ ನನ್ನನ್ನು ಬಿಡುತ್ತದೆ.

ಹೋದ ಜುಲೈನಲ್ಲಿ ಹೊಸ ಯಂತ್ರದ ತರಬೇತಿಗೆ ಇಪ್ಪತ್ತು ದಿನ ಹೋಗುತ್ತಿದ್ದೇನೆ ಎಂದಿದ್ದೆನಲ್ಲ, ಯಾವ ತರಬೇತಿಯೂ ಇರಲಿಲ್ಲ. ನೀನು ಬೇಡವೆಂದಿದ್ದ ಆಪರೇಶನ್ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಪಾಲು ತೆಗೆದು, ಉಳಿದ ಕಾಲು ಪಾಲನ್ನು ಅಂಗಿಯ ತೋಳಿನ ಹಾಗೆ ಸಪೂರ ಮಾಡಿ ಹೊಲಿದಿದ್ದಾರೆ. ನಿನ್ನ ಕಸುಬಿನ ಭಾಷೆಯಲ್ಲಿ ಹೇಳಿದರೆ ಹಿಡಿದು ಬಿಗಿ ಮಾಡಿದ್ದಾರೆ. ಎಂಟು ತಿಂಗಳಾಯಿತು. ನೂರ ಮೂವತ್ತಾರು ಕೆಜಿ ಇದ್ದವಳು ಈಗ ತೊಂಬತ್ತೊಂದು. ನೀನು ಬಾ ಬಾ ಎಂದಾಗಲೆಲ್ಲ ರಜೆ ಸಿಗಲಿಲ್ಲ ಎಂದದ್ದು ಇದಕ್ಕೇ. ಅಳತೆ ಪಟ್ಟಿ ಬೇಕಿಲ್ಲ, ಬಾಗಿಲಲ್ಲಿ ನಿಂತರೇ ನಿನ್ನ ಕಣ್ಣಿಗೆ ಗೊತ್ತಾಗಿಬಿಡುತ್ತಿತ್ತು.

ಅದರ ಹಿಂದೆ ಇನ್ನೊಂದು ಸುಳ್ಳಿದೆ. ನಾಲ್ಕು ವರ್ಷದ ಹಿಂದೆ ನನಗೆ ಬಡ್ತಿ ಸಿಕ್ಕಿತೆಂದು ನೀನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಅದು ಬಡ್ತಿಯಲ್ಲ, ನನ್ನನ್ನು ಕ್ರೇನಿನಿಂದ ಇಳಿಸಿದ್ದು. ಬಂದರಿನ ಕ್ರೇನಿನ ಕ್ಯಾಬಿನ್ನಿನಲ್ಲಿ ಒಂದು ಹಗ್ಗ ಇರುತ್ತದೆ. ಬೆಂಕಿ ಬಿದ್ದರೆ ಚಾಲಕಿ ಅದಕ್ಕೆ ತನ್ನನ್ನು ಕಟ್ಟಿಕೊಂಡು ಕೆಳಗಿಳಿಯಬೇಕು. ಅದು ತಡೆಯುವುದು ನೂರಿಪ್ಪತ್ತು ಕೆಜಿ. ಒಂದು ದಿನ ಸುರಕ್ಷತಾ ಅಧಿಕಾರಿ ನಮ್ಮ ಕಚೇರಿಯ ಮೊಗಸಾಲೆಯಲ್ಲಿ ತೂಕದ ಯಂತ್ರ ಇಟ್ಟು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ನನ್ನ ಸರದಿ ಬಂದಾಗ ಮುಳ್ಳು ನೂರಿಪ್ಪತ್ತು ದಾಟಿತು. ಆತ ಕೆಟ್ಟವರಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮೇಡಂ, ಹಗ್ಗಕ್ಕೆ ಯಾರ ಮೇಲೂ ದ್ವೇಷ ಇಲ್ಲ. ಅದರ ಲೆಕ್ಕ ಅಷ್ಟೇ."

ಹನ್ನೊಂದು ವರ್ಷ ಹಡಗಿನ ಕಂಟೇನರ್ ಪೆಟ್ಟಿಗೆಗಳನ್ನು ಆಕಾಶದಲ್ಲಿ ಎತ್ತಿ ಇಳಿಸಿದವಳನ್ನು ಗೇಟಿನ ಗಾಜಿನ ಗೂಡಿನಲ್ಲಿ ಕೂರಿಸಿದರು. ಲಾರಿ ಬಂದಾಗ ನಂಬರು ಬರೆದುಕೊಳ್ಳುವ ಕೆಲಸ. 'ಪುಟ್ಟಿ ಮೇಡಂ ಎಲ್ಲಿ' ಎಂದು ಕೇಳಿಕೊಂಡು ಬಂದ ಡ್ರೈವರುಗಳು ನನ್ನನ್ನು ನೋಡಿ, ನನ್ನ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ಇಣುಕುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ. ನಕ್ಕಮೇಲೆ ಡ್ರಾಯರು ತೆಗೆದು ಏನಾದರೂ ತಿನ್ನುತ್ತಿದ್ದೆ.

ಪಥ್ಯ, ನಡಿಗೆ, ಔಷಧಿ ಎಲ್ಲ ಮಾಡಿದ್ದು ನಿನಗೆ ಗೊತ್ತು. ಹತ್ತು ಕೆಜಿ ಇಳಿದರೆ ಹದಿನೈದು ಏರುತ್ತಿತ್ತು. ಎರಡು ವರ್ಷದ ಹಿಂದೆ ನಿನ್ನ ಅಡುಗೆಮನೆಯಲ್ಲಿ ಆಪರೇಶನ್ ಮಾತೆತ್ತಿದಾಗ ನೀನು ಸೌಟು ಕೆಳಗಿಟ್ಟು, "ನಾನು ಹಾಕಿದ ಊಟ ನಿನಗೆ ಈಗ ವಿಷ ಆಯ್ತೇನೆ?" ಎಂದೆ. ಆಮೇಲೆ ಮೂರು ವಾರ ಫೋನ್ ಎತ್ತಲಿಲ್ಲ. ನನಗೆ ಕೋಪ ಬರಲಿಲ್ಲ ಅಕ್ಕಾ. ಅಮ್ಮ ಹೋದಾಗ ನನಗೆ ಐದು, ನಿನಗೆ ಹದಿನಾಲ್ಕು. ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಬಂದು ನಿನ್ನ ಪಾಲನ್ನೂ ನನ್ನ ತಟ್ಟೆಗೆ ಸುರಿದು, "ನಂದಾಯ್ತು, ಅಂಗಡೀಲೇ ತಿಂದೆ" ಎನ್ನುತ್ತಿದ್ದೆ. ಅಂಗಡಿಯಲ್ಲಿ ನಿನಗೆ ಯಾರೂ ಏನೂ ಕೊಡುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಂಥ ಕೈಯ ಮುಂದೆ ಸಾಕು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಆಪರೇಶನ್‌ಗೆ ಮುಂಚೆ ಆರು ತಿಂಗಳು ಪರೀಕ್ಷೆ, ಪಾಠ. ಒಬ್ಬ ಮನೋವೈದ್ಯೆ, ನನಗಿಂತ ಚಿಕ್ಕವಳು, ಒಂದೇ ಪ್ರಶ್ನೆ ಕೇಳಿದಳು: "ನೀವು ಕಮ್ಮಿ ತಿಂದ್ರೆ ಯಾರಿಗೆ ನೋವಾಗುತ್ತೆ?" ಯಾರಿಗೂ ಇಲ್ಲ ಎಂದೆ. ಎಂದವಳು ಅಳತೊಡಗಿದೆ. ಅರ್ಧ ಗಂಟೆ ಅತ್ತೆ. ಅವಳು ಟಿಶ್ಯೂ ಡಬ್ಬ ಮುಂದೆ ತಳ್ಳಿದಳು. ಕೊನೆಗೆ, "ಅವರಿಗೆ ಹೇಳ್ತೀರಾ?" ಎಂದಳು. ಹೇಳ್ತೀನಿ ಎಂದೆ. ಹೇಳಲಿಲ್ಲ. ಫಾರಂನಲ್ಲಿ ಹತ್ತಿರದ ಸಂಬಂಧಿ ಎಂಬಲ್ಲಿ ಸಿಗ್ನಲ್ ಅಣ್ಣನ ಹೆಸರು ಬರೆದೆ. ಕ್ರೇನಿನ ಬುಡದಲ್ಲಿ ನಿಂತು ಇಷ್ಟು ವರ್ಷ ನನಗೆ ದಾರಿ ಹೇಳಿದವನು. ಅವನು, "ತಪ್ಪು ಮಾಡ್ತಿದ್ದೀಯ ಪುಟ್ಟಿ, ಅಕ್ಕಂಗೆ ಹೇಳು" ಎಂದು ಗೊಣಗುತ್ತಲೇ ಸಹಿ ಹಾಕಿದ. ಏನಾದರೂ ಹೆಚ್ಚುಕಮ್ಮಿಯಾದರೆ ಮಾತ್ರ ಎಂದು ಹೇಳಿ ನಿನ್ನ ನಂಬರನ್ನು ಅವನ ಜೇಬಿಗೆ ಹಾಕಿದೆ.

ಹೊಟ್ಟೆಯ ಮೇಲೆ ಐದು ಸಣ್ಣ ತೂತು, ಅಷ್ಟೇ. ಮರುದಿನ ನರ್ಸು ಔಷಧಿ ಕುಡಿಯುವಂಥ ಪುಟಾಣಿ ಲೋಟದಲ್ಲಿ ನೀರು ತಂದಿಟ್ಟು, "ಅರ್ಧ ಗಂಟೆ ತಗೊಂಡು ಕುಡೀರಿ" ಎಂದಳು. ತಮಾಷೆ ಅಂದುಕೊಂಡೆ. ಒಂದು ಗುಟುಕು ಬಾಯಿಗೆ ಹಾಕಿದೆ. ಅದು ಇಳಿಯುವ ದಾರಿಯೆಲ್ಲ ನನಗೆ ಗೊತ್ತಾಯಿತು. ಗಂಟಲು, ಎದೆ, ಎದೆಯ ಕೆಳಗೆ ಒಂದು ತಣ್ಣನೆಯ ಗೆರೆ. ನಲವತ್ಮೂರು ವರ್ಷ ನೀರು ಕುಡಿದಿದ್ದೇನೆ, ನೀರು ಎಲ್ಲಿಗೆ ಹೋಗುತ್ತದೆಂದು ಅವತ್ತು ಮೊದಲ ಸಲ ನೋಡಿದೆ. ಆರನೇ ಗುಟುಕಿಗೆ ಹೊಟ್ಟೆ ತುಂಬಿತು.

ಮೂರನೇ ದಿನ ಇನ್ನೊಂದಾಯಿತು. ಮಂಚದಲ್ಲಿ ಮಲಗಿದ್ದೆ, ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹಡಗಿನ ಎಂಜಿನು ನಿಂತಾಗ ಹಾಗಾಗುತ್ತದೆ. ಇಷ್ಟು ಹೊತ್ತೂ ಅದು ಸದ್ದು ಮಾಡುತ್ತಿತ್ತು ಎಂಬುದು ನಿಂತ ಮೇಲೇ ತಿಳಿಯುವುದು. ನನ್ನೊಳಗೆ ಹಸಿವಿನ ಸದ್ದು ನಿಂತಿತ್ತು. ಮುಂದೇನು ತಿನ್ನಲಿ, ಯಾವಾಗ ತಿನ್ನಲಿ, ಯಾರಾದರೂ ನೋಡಿದರೇನು ಎಂದು ದಿನವಿಡೀ ಗುಂಯ್‌ಗುಡುತ್ತಿದ್ದ ಆ ಸದ್ದಿಲ್ಲದೆ ತಲೆಯೊಳಗೆ ಎಷ್ಟು ಜಾಗ ಇದೆಯಲ್ಲಾ ಎಂದು ಬೆರಗಾದೆ. ಎಲ್ಲರೂ ಇಂಥ ಮೌನದಲ್ಲೇ ಬದುಕುತ್ತಾರಾ? ನೀನೂ?

ಎಲ್ಲವೂ ಹೀಗೇ ಇತ್ತು ಎಂದರೆ ಅದೂ ಸುಳ್ಳಾಗುತ್ತದೆ. ಐದನೇ ವಾರ ಒಂದು ಚೂರು ಬ್ರೆಡ್ಡನ್ನು ಅಗಿಯದೆ ನುಂಗಿ, ಸಿಂಕಿನ ಮುಂದೆ ಕೂತು ಸತ್ತೇಹೋದೆ ಅಂದುಕೊಂಡೆ. ಹಿಡಿಹಿಡಿಯಾಗಿ ಕೂದಲು ಉದುರಿತು. ತೋಳಿನ ಚರ್ಮ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿದೆ. ಮಾತ್ರೆಗಳು ಜೀವನಪೂರ್ತಿ. ಹಸಿವು ಮತ್ತೆ ಬಂದಿದೆ, ಆದರೆ ಈಗ ಅದು ಬಾಗಿಲು ತಟ್ಟಿ ಬರುತ್ತದೆ. ಬೇಜಾರಾದಾಗ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಮೊದಲು ತಿನ್ನುತ್ತಿದ್ದೆ, ಈಗ ಎದ್ದು ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ. ಒಂದು ದಿನ ಏಳು ಸಲ ನಡೆದೆ. ತರಕಾರಿ ಅಂಗಡಿಯವಳು, "ಏನು ಕಳ್ಕೊಂಡ್ರಿ?" ಎಂದಳು.

ಆದರೆ ದಿನಕ್ಕೊಂದು ಸಿಗುತ್ತಿತ್ತು ಅಕ್ಕಾ. ಅಕ್ಟೋಬರಿನಲ್ಲಿ ಸ್ನಾನ ಮಾಡುವಾಗ ಕುತ್ತಿಗೆಯ ಕೆಳಗೆ ಗಟ್ಟಿಯಾಗಿ ಏನೋ ಸಿಕ್ಕಿ, ಗಂಟೆಂದು ಹೆದರಿ ಡಾಕ್ಟರ ಬಳಿ ಓಡಿದೆ. ಅವರು ಮುಟ್ಟಿ ನೋಡಿ, "ಅದು ಮೂಳೆ. ಎಲ್ಲರಿಗೂ ಇರುತ್ತೆ" ಎಂದರು. ನನಗೂ ಇತ್ತು, ಇಷ್ಟು ವರ್ಷ ಒಳಗೇ ಕಾದು ಕೂತಿತ್ತು. ಡಿಸೆಂಬರಿನಲ್ಲಿ ಬಸ್ಸಿನ ಸೀಟಿನಲ್ಲಿ ಕೂತಾಗ ನನ್ನ ಪಕ್ಕದಲ್ಲಿ ಜಾಗ ಉಳಿಯಿತು. ಒಬ್ಬ ಹೆಂಗಸು ಒಂದು ಮಾತೂ ಆಡದೆ ಬಂದು ಕೂತು ಪೇಪರು ಬಿಡಿಸಿದಳು. ಅವಳಿಗೆ ಅದು ಏನೂ ಅಲ್ಲ. ನಾನು ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಕೂತೇ ಇದ್ದೆ.

ಈಗ ಮೊನ್ನೆ ಗುರುವಾರದ ಮಾತು. ಅದನ್ನು ಹೇಳಲೆಂದೇ ಈ ಪತ್ರ ಹಿಡಿದದ್ದು.

ಮತ್ತೆ ಕ್ರೇನ್ ಹತ್ತಬಹುದೆಂದು ಡಾಕ್ಟರ ಚೀಟಿ ಸಿಕ್ಕಿತ್ತು. ಅದೇ ಸುರಕ್ಷತಾ ಅಧಿಕಾರಿ ತೂಕದ ಯಂತ್ರ ನೋಡಿ, ಕ್ರೇನಿನ ಕೀಲಿಯನ್ನು ನನ್ನ ಕೈಗಿಟ್ಟು ಒಂದು ಕ್ಷಣ ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು. ಬೆಳಿಗ್ಗೆ ಆರೂವರೆ. ನೂರ ತೊಂಬತ್ತು ಮೆಟ್ಟಿಲು. ಮೊದಲು ಇದೇ ಮೆಟ್ಟಿಲು ಹತ್ತುವಾಗ ಎಂಟು ಕಡೆ ನಿಲ್ಲುತ್ತಿದ್ದೆ. ಈ ಸಲ ಮೂರು ಕಡೆ ನಿಂತೆ, ಅದರಲ್ಲಿ ಎರಡು ಸಲ ದಣಿವಿಗಲ್ಲ, ಸುಮ್ಮನೆ ನೋಡಲು. ಕೆಳಗಿನಿಂದ ರೇಡಿಯೋದಲ್ಲಿ ಸಿಗ್ನಲ್ ಅಣ್ಣ: "ಅವಸರ ಇಲ್ಲ ಪುಟ್ಟಿ. ಹಡಗು ಎಲ್ಲೂ ಓಡಿಹೋಗಲ್ಲ."

ನಿನಗೆ ಹೇಳಿಲ್ಲ, ನಮ್ಮ ಕ್ಯಾಬಿನ್ನಿನ ನೆಲ ಗಾಜಿನದು. ಚಾಲಕಿ ತನ್ನ ಕಾಲುಗಳ ನಡುವಿನಿಂದ ನೇರ ಕೆಳಗೆ ನೋಡಿ ಪೆಟ್ಟಿಗೆ ಹಿಡಿಯಬೇಕು. ಹನ್ನೊಂದು ವರ್ಷವೂ ನನ್ನ ಹೊಟ್ಟೆ ಆ ಗಾಜಿಗೆ ಅಡ್ಡ ಇತ್ತು. ಪಕ್ಕಕ್ಕೆ ವಾಲಿ, ಅಂದಾಜಿನ ಮೇಲೆ, ಅಣ್ಣನ ಮಾತಿನ ಮೇಲೆ ಕೆಲಸ ಮಾಡುತ್ತಿದ್ದೆ. ಗುರುವಾರ ಕೂತು, ಬೆಲ್ಟು ಕಟ್ಟಿ, ತಲೆ ತಗ್ಗಿಸಿದೆ. ನನ್ನ ಎರಡು ಮಂಡಿ, ಎರಡು ಬೂಟು, ಬೂಟುಗಳ ನಡುವೆ ನಲವತ್ತು ಮೀಟರ್ ಗಾಳಿ, ಗಾಳಿಯ ತಳದಲ್ಲಿ ತೆರೆದ ಹಡಗಿನ ಹೊಟ್ಟೆ. ಹಡಗಿನ ಪಕ್ಕೆಗೆ ನೀರು ಬಡಿದು ಒಡೆಯುವುದು ಕಾಣುತ್ತಿತ್ತು. ಒಂದು ಬಿಳಿ ಹಕ್ಕಿ ನನ್ನ ಪಾದದ ಕೆಳಗೆ ಹಾರಿಹೋಯಿತು, ಅದರ ಬೆನ್ನು ಕಂಡಿತು. ಹಕ್ಕಿಯ ಬೆನ್ನು ನೋಡುವುದೆಂದರೆ ಏನೆಂದು ಹೇಗೆ ಹೇಳಲಿ ನಿನಗೆ. ಎಷ್ಟು ಹೊತ್ತು ನೋಡಿದೆನೋ, ಅಣ್ಣ ರೇಡಿಯೋದಲ್ಲಿ ಗಾಬರಿಯಿಂದ, "ಇದ್ದೀಯಾ?" ಎಂದ. ಇದ್ದೀನಿ ಅಣ್ಣಾ, ಎಂದೆ. ಆಮೇಲೆ ಕೈ ತಾನಾಗಿ ಕೆಲಸ ಶುರುಮಾಡಿತು. ಮಧ್ಯಾಹ್ನದ ಹೊತ್ತಿಗೆ ಅರವತ್ತೆರಡು ಪೆಟ್ಟಿಗೆ ಇಳಿಸಿದೆ, ಒಂದೂ ಬಡಿಯಲಿಲ್ಲ.

ಮುಂದಿನ ಶನಿವಾರ ಬರುತ್ತಿದ್ದೇನೆ. ನೋಡಿ ಬೈದರೂ ಬೈ. ಒಂದೇ ಬೇಡಿಕೆ, ಚಿಕ್ಕ ತಟ್ಟೆಯಲ್ಲಿ ಬಡಿಸು. ನಾಲ್ಕು ತುತ್ತಿಗೆ ಸಾಕು ಎಂದರೆ ಅದು ನಿನ್ನ ಕೈರುಚಿ ಬೇಡವೆಂದಲ್ಲ. ಈಗ ಒಂದು ತುತ್ತನ್ನು ಮೂವತ್ತು ಸಲ ಅಗಿಯುತ್ತೇನೆ. ಚಿಕ್ಕಂದಿನಲ್ಲಿ ನೀನು ಕೊಟ್ಟದ್ದನ್ನೆಲ್ಲ ಗಬಗಬ ನುಂಗಿದೆ, ರುಚಿ ನೋಡಲೇ ಇಲ್ಲ.

ನಿನ್ನ
ಪುಟ್ಟಿ

ಮಂಗಳವಾರ. ಮರೆತ ಮಾತಲ್ಲ, ಆಗ ಗೊತ್ತಿರದ ಮಾತು. ಲಕೋಟೆ ಅಂಟಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಸಿಗ್ನಲ್ ಅಣ್ಣ ನಿವೃತ್ತನಾದ. ಹೋಗುವಾಗ ಇಷ್ಟು ವರ್ಷ ಕೊರಳಲ್ಲಿ ತೂಗುತ್ತಿದ್ದ ತನ್ನ ಸೀಟಿಯನ್ನು ನನಗೆ ಕೊಟ್ಟು, ಒಂದು ಗುಟ್ಟಿದೆ, ಅದನ್ನು ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರೆ ಎಂದು ಹೇಳಿದ. ಆಪರೇಶನ್ನಿನ ಹಿಂದಿನ ದಿನವೇ ಅವನು ನಿನಗೆ ಫೋನ್ ಮಾಡಿದ್ದನಂತೆ. ಮೊದಲ ಬಸ್ಸಿಗೆ ಬಂದು ನೀನು ಆಸ್ಪತ್ರೆಯ ಕೆಳಮಹಡಿಯ ಬೆಂಚಿನಲ್ಲಿ ಕೂತಿದ್ದೆಯಂತೆ. ನಾನು ಕಣ್ಣು ಬಿಟ್ಟೆನೆಂದು ಕೇಳಿ, ಮೇಲೆ ಬರದೆ, "ಅವಳಾಗೇ ಹೇಳೋವರೆಗೂ ನಂಗೆ ಗೊತ್ತಿಲ್ಲ ಅಂತಿರ್ಲಿ" ಎಂದು ಅವನಿಂದ ಆಣೆ ಹಾಕಿಸಿಕೊಂಡು ವಾಪಸು ಬಸ್ಸು ಹತ್ತಿದೆಯಂತೆ. ನಿನ್ನೆಯಿಂದ ನಮ್ಮ ಎಂಟು ತಿಂಗಳ ಫೋನುಗಳನ್ನು ನೆನೆಸಿಕೊಳ್ಳುತ್ತಿದ್ದೇನೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಮೊದಲು ಕೇಳುವುದು 'ಊಟ ಆಯ್ತಾ' ಎಂದು. ಜುಲೈನಿಂದ ಒಂದು ಸಲವೂ ಕೇಳಿಲ್ಲ. ಪ್ರತಿ ಸಲವೂ ಕೇಳಿದ್ದು, 'ನೀರು ಕುಡಿದ್ಯಾ' ಎಂದು.